ಮುಂದೆ ನಡೆಯುವ ಬಾಲ

ಬಚ್ಚಲಲ್ಲಿ ಮೂರು ಬ್ರಷ್‌ಗಳಿದ್ದವು. ಮನೆಯಲ್ಲಿರುವುದು ಅಪ್ಪ, ಅಮ್ಮ ಇಬ್ಬರೇ ಎಂದು ತಿಳಿದು ವಿಮಾನ ಹತ್ತಿ ಬಂದಿದ್ದ ಮಗ, ಮೂರನೆಯದನ್ನು ಮುಟ್ಟಿ ನೋಡಿದ. ಹಸಿಯಾಗಿತ್ತು.

“ಇದು ಯಾರದಮ್ಮ?”

“ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಂದಿದ್ನಲ್ಲ, ಆ ಹುಡುಗಂದು,” ಅಡುಗೆಮನೆಯಿಂದ ಅಮ್ಮ ಕೂಗಿದಳು. “ನಿಮ್ಮಪ್ಪನ ಜೊತೆ ಕೆಲಸ ಮಾಡ್ತಾನೆ. ನಮ್ಮ ಜೊತೇನೇ ಇರ್ತಾನೆ. ಪಾಪ, ಅವನಿಗೆ ಯಾರೂ ಇಲ್ಲ.”

ನನಗೆ ಯಾರಿದ್ದರು? ಮಗ ಮನಸ್ಸಿನಲ್ಲೇ ಅಂದುಕೊಂಡು ಬಚ್ಚಲಿನಿಂದ ಹೊರಬಂದ.

ಅಪ್ಪ ಅಮ್ಮ ದುಡಿಯಲು ಪರದೇಶಕ್ಕೆ ಹೊರಟಾಗ ಅವನಿಗೆ ಮೀಸೆ ಚಿಗುರಿರಲಿಲ್ಲ. ಸೋದರಮಾವನ ಮನೆಯಲ್ಲಿ ಬಿಟ್ಟು ಬಂದಿದ್ದರು. ಅವನು ಶಾಲೆಗೆ ಕೈಮುಗಿದ, ವೆಲ್ಡಿಂಗ್ ಕಲಿತ, ಮಾವನ ಹಂಗು ತೊರೆದು ಸ್ವಂತ ಅಂಗಡಿ ಹಾಕಿದ. ಇಷ್ಟು ವರ್ಷದ ಮೇಲೆ ಎದುರು ನಿಂತಾಗ ಅಪ್ಪನ ಬಾಯಿಂದ ಒಂದೇ ಒಂದು ಮಾತು ಬರಬೇಕಿತ್ತು: ‘ಎಷ್ಟು ಎತ್ತರ ಬೆಳೆದುಬಿಟ್ಟಿದೀಯೋ!’ ಅದನ್ನು ಕೇಳಲೆಂದೇ ಟಿಕೆಟ್ ತೆಗೆದಿದ್ದ.

ಬರಲಿಲ್ಲ. ನಿಲ್ದಾಣದಲ್ಲಿ ಅಮ್ಮ ಓಡಿ ಬಂದು ತಬ್ಬಿಕೊಂಡಳು. ಅಪ್ಪ ಮಾತ್ರ ಆ ಹುಡುಗನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಲ್ಲೇ ನಿಂತಿದ್ದ. ಹುಡುಗ ಕಿವಿಯಲ್ಲಿ ಏನೋ ಅಂದ ಮೇಲೆ ನಕ್ಕ. “ಬಂದ್ಯಾ? ಪ್ರಯಾಣ ಎಲ್ಲ ಆರಾಮಾಯ್ತಾ?” ಪಕ್ಕದ ಮನೆಯವರನ್ನು ವಿಚಾರಿಸುವ ಹಾಗೆ.

ಮಗ ಮನಸ್ಸಿನಲ್ಲೇ ಆ ಹುಡುಗನಿಗೆ ‘ಬಾಲ’ ಎಂದು ಹೆಸರಿಟ್ಟ. ಬಾಲ ಎಂದ ಮೇಲೆ ಹಿಂದೆ ಇರಬೇಕು. ಈ ಬಾಲ ಅಪ್ಪನ ಮುಂದೆ ಮುಂದೆ ನಡೆಯುತ್ತಿತ್ತು. ಊಟಕ್ಕೆ ಕೂತರೆ ಮೀನಿನ ಮುಳ್ಳು ಬಿಡಿಸಿ ಅಪ್ಪನ ತಟ್ಟೆಗೆ ಹಾಕುತ್ತಿತ್ತು.

“ಯಾಕೆ, ಅಪ್ಪಂಗೆ ಕೈ ಬಿದ್ದುಹೋಗಿದ್ಯಾ?” ಮಗ ತಡೆಯಲಾರದೆ ಕೇಳಿದ.

“ಅಭ್ಯಾಸ ಆಗಿದೆ ಕಣೋ,” ಎಂದು ಅಮ್ಮ ನೀರು ತರಲು ಎದ್ದಳು. “ನೀನು ಉಣ್ಣು.”

ಅಂಗಡಿಯ ಮುಂದೆ, ತಾನೇ ಮಾಡಿದ ಗೇಟಿಗೆ ಒರಗಿ ತೆಗೆಸಿಕೊಂಡ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದ. ಅಪ್ಪ ಅದರ ಅಂಚು ಸವರಿ, “ಭಾರಿ ಚೆನ್ನಾಗಿದೆ,” ಎಂದು ಬಾಲದ ಕೈಗೆ ದಾಟಿಸಿದ. “ಹೆಂಗಿದೆಯೋ ಮರಿ?”

“ಗೇಟು ಜೋರಾಗಿದೆ ಅಪ್ಪಾಜಿ! ಮೇಲೆ ಎರಡು ನವಿಲು ಕೂರಿಸಿದಾರೆ ಅಣ್ಣ.”

“ನವಿಲಾ!” ಅಪ್ಪ ಮನೆ ತುಂಬ ನಕ್ಕ.

ತಾನು ಕೊಟ್ಟಾಗ ಬಾರದ ನಗು ಬಾಲ ಬಾಯಿಬಿಟ್ಟ ಮೇಲೆ ಬಂತು. ಮಗನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಆಮೇಲೆ ಅವನಿಗೆ ಅಪ್ಪನ ಕಡೆ ನೋಡಲೂ ಪುರುಸೊತ್ತಿಲ್ಲ. ಕಣ್ಣೆಲ್ಲ ಬಾಲದ ಮೇಲೆಯೇ.

ಅಪ್ಪ ದುಡಿಯುವ ಜಾಗಕ್ಕೂ ಹೋಗಿ ನೋಡಿದ. ದೊಡ್ಡ ಹೋಟೆಲಿನ ನೆಲಮಾಳಿಗೆ, ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗ. ಉಗಿ, ಸೋಪಿನ ವಾಸನೆ, ಮಷಿನ್ನುಗಳ ಗುಡುಗುಡು. ಅಪ್ಪ ತಲೆಯೆತ್ತಿ ಮಾತಾಡುತ್ತಲೇ ಇಸ್ತ್ರಿ ಹೊಡೆಯುತ್ತಿದ್ದ. ಎಡಗೈ ಮುಂದೆ ಸಾಗಿ ಮಡಿಕೆ ಬಿಡಿಸಿದರೆ ಬಲಗೈ ಹಿಂದೆಯೇ ಬಂದು ಅದನ್ನು ಅಳಿಸುತ್ತಿತ್ತು. ಬಾಲ ಅಂಗಿಗಳನ್ನು ಬೇರ್ಪಡಿಸಿ ಒಂದೊಂದಾಗಿ ಅವನ ಕೈಗಿಡುತ್ತಿತ್ತು.

“ನಾನು ಕೊಡ್ತೀನಿ ಬಿಡಪ್ಪ,” ಮಗ ಮುಂದೆ ಬಂದ.

“ಬೇಡ ಬೇಡ,” ಅಪ್ಪ ಗಾಬರಿಯಿಂದಲೇ ಅಂದ. “ಅವನಿದಾನಲ್ಲ. ನೀನು ಹೋಗಿ ಊರು ಸುತ್ತಾಡು.”

ಅವನಿದ್ದಾನೆ. ಹೌದು, ಅವನೇ ಇದ್ದಾನೆ!

ಮಾರನೆಯ ಬೆಳಿಗ್ಗೆ ಅಮ್ಮ ಯಾವುದೋ ಆಫೀಸು ಗುಡಿಸಲು ಹೊರಟುಹೋದಳು. ಅಪ್ಪ ಬಚ್ಚಲು ಸೇರಿದ. ನೀರು ಸುರಿಯುವ ಸದ್ದು ಕೇಳಿದ್ದೇ ತಡ, ಮಗ ಬಾಲದ ಚೀಲ ಎತ್ತಿ ಬಾಗಿಲಾಚೆ ಇಟ್ಟ.

“ನಡಿ. ಜಾಗ ಖಾಲಿ ಮಾಡು.”

“ಅಣ್ಣ, ಈಗ ಡ್ಯೂಟಿ ಇದೆ. ಅಪ್ಪಾಜೀನ ಬಿಟ್ಟು...”

“ಅವರು ನನ್ನಪ್ಪ ಕಣೋ. ನಿನ್ನಪ್ಪ ಅಲ್ಲ.”

“ಹೌದು ಅಣ್ಣ.” ಬಾಲ ತಲೆ ತಗ್ಗಿಸಿತು. “ಹಾಗಾದ್ರೆ ನೀವೇ ಕರ್ಕೊಂಡು ಹೋಗ್ತೀರಾ?”

“ಅವರೇನು ಎಳೆ ಮಗುವಾ, ಕೈ ಹಿಡ್ಕೊಂಡು ಹೋಗೋಕೆ?”

ಬಾಲ ಚೀಲ ಕೈಗೆತ್ತಿಕೊಂಡಿತು. “ನಾನೇನೂ ಹೇಳೋ ಹಾಗಿಲ್ಲ ಅಣ್ಣ. ಮಾತು ಕೊಟ್ಟಿದೀನಿ. ಕೆಳಗೆ ಮೆಟ್ಟಿಲ ಹತ್ರ ನಿಂತಿರ್ತೀನಿ, ಬೇಕಾದ್ರೆ ಒಂದು ಕೂಗು ಹಾಕಿ.”

“ಬೇಕಾಗಲ್ಲ!”

ಬಾಗಿಲು ಹಾಕಿ ಬಂದ ಮಗ ಕಿಟಕಿಯ ಪರದೆ ಸರಿಸಿದ. ಬಿಸಿಲು ಮನೆಯೊಳಕ್ಕೆ ನುಗ್ಗಿತು. ಅದರ ನಡುವೆ ಎದೆ ಸೆಟೆಸಿ ನಿಂತುಕೊಂಡ. ಈಗ ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಮಧ್ಯೆ ಯಾವ ಬಾಲವೂ ಇಲ್ಲ.

ಅಪ್ಪ ಕೆಲಸದ ಬಟ್ಟೆ ತೊಟ್ಟು ಹೊರಬಂದ. ಮಗ ಸದ್ದಾಗುವಂತೆ ಒಂದು ಹೆಜ್ಜೆ ಮುಂದಿಟ್ಟ. ಅಪ್ಪ ನೆಟ್ಟಗೆ ನಡೆದು ಬಂದು ಒಂದು ಮಾರು ದೂರದಲ್ಲಿ ನಿಂತ. ಮುಖಕ್ಕೆ ಮುಖ. ಬಂದಾಗಿನಿಂದ ಅಪ್ಪ ಇಷ್ಟು ಹತ್ತಿರ ನಿಂತದ್ದು, ಹೀಗೆ ಅಕ್ಕರೆಯಿಂದ ನಕ್ಕದ್ದು ಇದೇ ಮೊದಲು. ಈಗ ಬರುತ್ತದೆ ಆ ಮಾತು. ಉಸಿರು ಬಿಗಿಹಿಡಿದು ಕಾದ.

“ಮೆಲ್ಲಗೆ ಮಾತಾಡೋ ಮರಿ, ಅವನಿನ್ನೂ ಮಲಗಿರ್ಬೇಕು,” ಅಪ್ಪ ಪಿಸುಗುಟ್ಟಿದ. “ನನ್ನ ಕಣ್ಣು ಹೋಗಿರೋದು ಗೊತ್ತಾದ್ರೆ ಅಂಗಡಿ ಮುಚ್ಚಿ ಇಲ್ಲೇ ಕೂತುಬಿಡ್ತಾನೆ. ಅದಿರ್ಲಿ, ನೀನಾದ್ರೂ ನೋಡಿದೀಯಲ್ಲ, ಹೇಳೋ... ನನ್ನ ಮಗ ಎಷ್ಟು ಎತ್ತರ ಬೆಳೆದಿದಾನೆ?”