ಲೆಫ್ಟ್ ಬ್ಯಾಕ್ ಜಾಗದ ಮೊಳೆ

ಕ್ಲಬ್ಬಿನ ಗೋಡೆಯ ಮೇಲೆ ಫುಟ್‌ಬಾಲ್ ಮೈದಾನದ ಚಿತ್ರ ಬರೆಸಿ, ದೇಶದ ಸಾರ್ವಕಾಲಿಕ ತಂಡದ ಆಟಗಾರರ ಫೋಟೋಗಳನ್ನು ಅವರವರು ಆಡುತ್ತಿದ್ದ ಜಾಗದಲ್ಲೇ ತೂಗುಹಾಕಿದ್ದರು. ಗೋಲಿನ ಮುಂದೆ ಎಡಗಡೆ ನಿಲ್ಲುವ ಲೆಫ್ಟ್ ಬ್ಯಾಕ್ ಜಾಗದಲ್ಲಿ ಮಾತ್ರ ಬರೀ ಮೊಳೆಯಿತ್ತು. ಒಂದು ಕಾಲಕ್ಕೆ ದೇಶಕ್ಕಾಗಿ ಅದೇ ಜಾಗದಲ್ಲಿ ಆಡಿದ್ದ ಕನಕಸಭೆಯವರಿಗೆ ಅದನ್ನು ನೋಡಿ ಮೈಯೆಲ್ಲ ಉರಿದುಹೋಯಿತು.

"ಇದೇನ್ರೀ ನಜೀರ್, ಹಿಂದೆ ಮೂರೇ ಜನಾನಾ?" ಎಂದು ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಂಡರು. "ಎದುರಿನವರು ಈ ಕಡೆಯಿಂದ ನುಗ್ಗಿದ್ರೆ ತಡೆಯೋರು ಯಾರು? ನಿಮ್ಮ ಮೊಳೆ ತಡೆಯುತ್ತಾ? ನಾಲ್ಕು ಬ್ಯಾಕ್ ಇಲ್ಲದ್ದು ಒಂದು ತಂಡವೇನ್ರೀ?"

"ಆ ಜಾಗ ನಿಮ್ದೇ ಸಾರ್. ಕಮಿಟಿಯಲ್ಲಿ ಬೇರೆ ಯಾರ ಹೆಸರೂ ಬರಲೇ ಇಲ್ಲ."

"ಮತ್ತೆ ಫೋಟೋ ಹಾಕೋಕೇನು ರೋಗ? ನಾನೇ ತಂದಿದೀನಿ, ತಗೊಳ್ಳಿ." ಕನಕಸಭೆ ಚೀಲದಿಂದ ಕಟ್ಟು ಹಾಕಿಸಿದ ಫೋಟೋ ತೆಗೆದರು.

ನಜೀರ್ ಅದನ್ನು ಮುಟ್ಟಲಿಲ್ಲ. "ನಾಳೆ ಉದ್ಘಾಟನೆ ಸಾರ್. ಎಲ್ಲ ಫೋಟೋಗೂ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಂದು ನಿಮಿಷ ಮೌನ ಆಚರಿಸ್ತೀವಿ. ಮಿಕ್ಕ ಹತ್ತು ಜನಾನೂ ತೀರ್ಕೊಂಡಿದ್ದಾರೆ. ನಿಮ್ಮ ವಿಷಯದಲ್ಲಿ ನಮಗೇನೂ ಅವಸರ ಇಲ್ಲ ಸಾರ್."

ಕನಕಸಭೆ ಫೋಟೋವನ್ನು ಮತ್ತೆ ಚೀಲಕ್ಕೆ ಸೇರಿಸಿ ಹೇಳಿದರು:

"ನಡುವೆ ಇರೋನು ಸ್ವಲ್ಪ ಎಡಕ್ಕೆ ಸರಿದು ನಿಂತ್ರೆ ಮೂರೇ ಬ್ಯಾಕ್ ಸಾಕು ಕಣ್ರೀ."