ಫಾರಂನಲ್ಲಿಲ್ಲದ ಹಗ್ಗ

ರಬ್ಬರ್ ಹಗ್ಗದ ಹೊದಿಕೆ ಸರಿಸಿದ ರುದ್ರೇಶನಿಗೆ ಒಳಗೆ ಏಳೆಂಟು ಎಳೆ ಹರಿದಿದ್ದು ಕಂಡಿತು. ಶಿವಮೊಗ್ಗದ ವಸ್ತುಪ್ರದರ್ಶನದಲ್ಲಿ ಕಾಲಿಗೆ ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರುವ ಬಂಜಿ ಜಂಪಿಗೆಂದು ನಿಲ್ಲಿಸಿದ್ದ ಕ್ರೇನನ್ನು ಪರೀಕ್ಷಿಸಲು ಬಂದ ಇನ್ಸ್‌ಪೆಕ್ಟರ್ ಅವನು. “ಇದನ್ನ ಯಾರ ಕಾಲಿಗೂ ಕಟ್ಟಬೇಡಿ,” ಎಂದ.

“ಸಾರ್, ನಿಮ್ಮ ತಪಾಸಣೆ ಫಾರಂನಲ್ಲಿ ಕ್ರೇನಿದೆ, ಕೊಕ್ಕೆಯಿದೆ, ಸರಪಳಿಯಿದೆ. ರಬ್ಬರ್ ಹಗ್ಗ ಎಲ್ಲಿದೆ ತೋರಿಸಿ, ಈಗಲೇ ನಿಲ್ಲಿಸ್ತೀನಿ,” ಎಂದು ಆಟದ ಮಾಲೀಕ ಹಗ್ಗ ಕಿತ್ತುಕೊಂಡ. ರುದ್ರೇಶ್ ಫಾರಂ ತಿರುವಿಹಾಕಿದ. ಇರಲಿಲ್ಲ.

ಅಷ್ಟರಲ್ಲಿ ಭದ್ರಾವತಿಯ ಕಾಲೇಜು ಹುಡುಗಿ ಶೀತಲ್ ಕಾಲಿಗೆ ಪಟ್ಟಿ ಬಿಗಿಸಿಕೊಂಡಿದ್ದಳು. “ಬೇಡಮ್ಮ, ಎಳೆ ಹರಿದಿದೆ, ಹತ್ತಬೇಡ,” ಎಂದು ಅವನು ಬೇಡಿಕೊಂಡ. “ನಮ್ಮಪ್ಪನೂ ಹೀಗೇ ಹೆದರಿಸ್ತಾರೆ ಸಾರ್,” ಎಂದು ನಗುತ್ತಾ ಮೇಲೇರಿದಳು.

ಅವಳು ಹಾರಿದಾಗ ರುದ್ರೇಶ್ ಕಣ್ಣು ಮುಚ್ಚಿಕೊಂಡ. ಚಪ್ಪಾಳೆ ಕೇಳಿ ತೆರೆದರೆ ಶೀತಲ್ ತಲೆಕೆಳಗಾಗಿ ತೂಗುತ್ತಾ ಕೇಕೆ ಹಾಕುತ್ತಿದ್ದಳು. ಅಲ್ಲಿಯವರೆಗೆ ಹಿಂಜರಿಯುತ್ತಿದ್ದ ಅವಳ ಮೂವರು ಗೆಳತಿಯರು ಓಡಿಹೋಗಿ ಸಾಲಿನಲ್ಲಿ ನಿಂತರು.