ಪಡುವಣ ಗೋಡೆಯ ತೂತು

ಹೊಸ ವೀಕ್ಷಣಾ ಗೋಪುರದ ತುದಿಯಲ್ಲಿ ಕೂರಿಸಿದ ಗಾಜೂ ನಗರದ ಬೇರೆಲ್ಲ ಕಿಟಕಿಗಳ ಗಾಜಿನಂಥದ್ದೇ. ಕಣ್ಣಿಗೆ ಹಿತವಲ್ಲದ್ದನ್ನು ಅಳಿಸಿ, ಅಲ್ಲಿ ಹಿತವಾದದ್ದನ್ನು ತೋರಿಸುತ್ತಿತ್ತು. ಗೋಪುರ ಕಟ್ಟಿದ ಮೇಸ್ತ್ರಿ ದೇವೀರಮ್ಮನ ಕೇರಿ ಇರುವಲ್ಲಿ ತಾವರೆ ಕೆರೆ ಕಾಣುತ್ತಿತ್ತು. ನಗರದ ಕಿಟಕಿಗಳಲ್ಲೆಲ್ಲ ಹದಿನೈದು ವರ್ಷಗಳಿಂದಲೂ ಹಾಗೆಯೇ. ರೇಷನ್ ಅಂಗಡಿಯಲ್ಲೂ ಆ ಕೇರಿಯವರನ್ನು "ಕೆರೆಯವರು" ಎಂದೇ ಕೂಗುತ್ತಿದ್ದರು.

ಗೋಪುರದ ಸುತ್ತ ಕಟ್ಟಿದ್ದ ಸಾರವೆ ಬಿಚ್ಚಿಯಾಗಿತ್ತು. ಅದರ ಗಳ ಸಿಕ್ಕಿಸಿದ್ದ ತೂತುಗಳನ್ನೆಲ್ಲ ದೇವೀರಮ್ಮ ಮುಚ್ಚಿದ್ದಳು, ಪಡುವಣ ಗೋಡೆಯ ಒಂದನ್ನು ಬಿಟ್ಟು. ಅದು ಸರಿಯಾಗಿ ಕಣ್ಣಿನ ಎತ್ತರಕ್ಕಿತ್ತು.

"ನಾಳೆ ಉದ್ಘಾಟನೆ. ಇದೊಂದು ಯಾಕೆ ಬಿಟ್ಟಿದೀರಿ?" ಎಂದು ಇಂಜಿನಿಯರ್ ಫಣೀಶ ಕೇಳಿದ.

"ಬೇಕಂತ್ಲೇ ಬಿಟ್ಟಿದೀನಿ ಸಾರ್. ಮುಚ್ಚಲ್ಲ."

"ಬೇರೆಯವ್ರ ಕೈಲಿ ಮುಚ್ಚಿಸ್ತೀನಿ."

"ಕರೀರಿ, ನೋಡೋಣ."

ಅವನು ಕರೆದ. ಕರಣೆ ತೊಳೆಯುತ್ತಿದ್ದ ಆರು ಗಾರೆಯವರಲ್ಲಿ ಒಬ್ಬರೂ ಏಳಲಿಲ್ಲ. ಮೊದಲ ಗಳ ನೆಟ್ಟ ಮೇಸ್ತ್ರಿಯೇ ಕೊನೆಯ ತೂತನ್ನೂ ಮುಚ್ಚಬೇಕು. ಅದಕ್ಕೆ ಇನ್ನೊಬ್ಬರು ಕೈ ಹಾಕುವ ಪದ್ಧತಿಯಿಲ್ಲ.

ಫಣೀಶ ಸಿಟ್ಟಿನಿಂದ ತಾನೇ ಕರಣೆಯಲ್ಲಿ ಸಿಮೆಂಟು ತುಂಬಿಕೊಂಡು ಗೋಡೆಯ ಬಳಿ ಹೋದ. ತೂತಿನಾಚೆ ತಗಡಿನ ಸೂರುಗಳು, ಒಲೆಯ ಹೊಗೆ, ಒಣಹಾಕಿದ ಸೀರೆಗಳು. ಆ ಕಡೆಗೆ ಅವನು ಗಾಜಿಲ್ಲದೆ ನೋಡಿದ್ದು ಅದೇ ಮೊದಲು. ಮನೆಯೊಂದರ ಮುಂದೆ ಹೆಂಗಸೊಬ್ಬಳು ಗೋಪುರದತ್ತ ಕೆಂಪು ಬಟ್ಟೆ ಬೀಸುತ್ತಿದ್ದಳು.

"ಯಾರದು?"

"ನನ್ನ ಸೊಸೆ. ನಿಮ್ಮ ಕೆರೇಲಿ ನಾವ್ಯಾರೂ ಮುಳುಗಿಲ್ಲ ಅಂತ ಹೇಳ್ತಿದಾಳೆ," ಎಂದಳು ದೇವೀರಮ್ಮ. "ಈಗ ಮುಚ್ಚಿ ಸಾರ್. ಅವಳು ನೋಡ್ತಿರೋವಾಗ್ಲೇ ಮುಚ್ಚಿ."

ಫಣೀಶನ ಕೈಯಲ್ಲಿದ್ದ ಕರಣೆಯಲ್ಲೇ ಸಿಮೆಂಟು ಗಟ್ಟಿಯಾಯಿತು.